ಮನೆಯಲ್ಲಿ ಹತ್ತಿದ ಬೆಟ್ಟ, ನಂದಿಯಲ್ಲಿ ಯಾಕೆ ಹತ್ತಲಾಗಲಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಮಾರ್ಟ್ ಟ್ರೈನರ್ ಬಗ್ಗೆಯೇ ಇವೆ, ಅಂದರೆ ಸೈಕಲ್ಲನ್ನು ಮನೆಯೊಳಗೆ ನಿಲ್ಲಿಸಿ ತುಳಿಯುವ, ಬಿಗಿಯನ್ನು ತಾನೇ ಬದಲಿಸುವ ಯಂತ್ರ. ಮಳೆಗಾಲ ಅಲ್ವಾ, ಸೈಕಲ್ಲು ಮನೆಯೊಳಗೆ ಬಂದಿದೆ. ಆದರೆ ಎಲ್ಲರ ಕಣ್ಣೂ ಬೆಟ್ಟದ ಮೇಲಿದೆ. ಹಾಗಾಗಿ ಈ ಸಂಚಿಕೆಗೆ ಆ ಪ್ರಶ್ನೆಗಳನ್ನೇ ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಅದೇ ತೊಂದರೆ ಹೇಳಿಕೊಂಡು ಬರೆದವರು ಬಹಳ ಜನ ಇದ್ದರು, ಅದಕ್ಕೆ.

ಪ್ರಶ್ನೆ: ಮೇಡಂ, ನನಗೆ 41 ವರ್ಷ, ತೂಕ 78 ಕೆ.ಜಿ., ಸಾಫ್ಟ್‌ವೇರ್ ಕೆಲಸ. ನಾಲ್ಕು ತಿಂಗಳಿಂದ ವಾರಕ್ಕೆ ನಾಲ್ಕು ದಿನ ಸ್ಮಾರ್ಟ್ ಟ್ರೈನರ್ ಮೇಲೆ ತುಳಿಯುತ್ತಿದ್ದೇನೆ. 20 ನಿಮಿಷದ ಪರೀಕ್ಷೆಯಲ್ಲಿ ಸರಾಸರಿ 200 ವ್ಯಾಟ್ ಬಂತು. ಆ್ಯಪ್‌ನಲ್ಲಿ ದೊಡ್ಡ ದೊಡ್ಡ ಬೆಟ್ಟ ಹತ್ತಿದ್ದೇನೆ. ಹೋದ ಭಾನುವಾರ ಗೆಳೆಯರ ಜೊತೆ ಏರ್‌ಪೋರ್ಟ್ ರಸ್ತೆಯಲ್ಲಿ ಜೋರಾಗಿ ಹೊಡೆದುಕೊಂಡು ನಂದಿಗೆ ಹೋದೆ. ಅರ್ಧ ಬೆಟ್ಟಕ್ಕೆ ಕಾಲು ಕಲ್ಲಾಯಿತು. ಇಳಿದು ತಳ್ಳಿದೆ. ನನ್ನದು ರೋಡ್ ಬೈಕು, ಮುಂದೆ 50/34, ಹಿಂದೆ 11-28. ಟ್ರೈನರ್ ತೋರಿಸುವ ವ್ಯಾಟ್ ಸುಳ್ಳಾ?
— ಓದುಗರು, ಯಲಹಂಕ

ಉತ್ತರ: ತಳ್ಳಿದ್ದಕ್ಕೆ ಬೇಜಾರು ಬೇಡ. ನಂದಿಯಲ್ಲಿ ಮೊದಲ ಸಲ ನಾನೂ ಇಳಿದವಳೇ. ನಾನು ಸೈಕಲ್ ಕಲಿತದ್ದು ವಿಜಯಪುರದ ಬಯಲಿನಲ್ಲಿ. ಅಲ್ಲಿ ಏರು ಅಂದರೆ ರೈಲ್ವೆ ಮೇಲ್ಸೇತುವೆ, ಅಷ್ಟೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಂದಿಯ ಬುಡಕ್ಕೆ ಬಂದವಳು, ಬಯಲಿನಲ್ಲಿ ತುಳಿಯುವ ದೊಡ್ಡ ಗಿಯರಿನಲ್ಲೇ ನುಗ್ಗಿದೆ. ಹತ್ತನೇ ತಿರುವು ದಾಟುವಷ್ಟರಲ್ಲಿ ಬಾಯಲ್ಲಿ ರಕ್ತದ ರುಚಿ. ರಸ್ತೆ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟೆ. ಬುಡದಲ್ಲಿ ನಾನು ಹಿಂದೆ ಹಾಕಿದ್ದ ಹಿರಿಯರೊಬ್ಬರು ಸಣ್ಣ ಗಿಯರಿನಲ್ಲಿ, ಹೊಲಿಗೆ ಮಷೀನು ತುಳಿಯುವ ಹಾಗೆ, ಒಂದೇ ಲಯದಲ್ಲಿ ತುಳಿಯುತ್ತಾ ಬಂದರು. "ನೀರು ಕುಡಿಯಮ್ಮ" ಅಂದರು. ನಿಲ್ಲಲಿಲ್ಲ. ಮುಂದಿನ ತಿರುವಿನಲ್ಲಿ ಮರೆಯಾಗುವ ತನಕ ಅವರ ಕಾಲನ್ನೇ ನೋಡುತ್ತಾ ಕೂತಿದ್ದೆ. ಒಂದು ಸುತ್ತೂ ಹೆಚ್ಚು ಕಡಿಮೆ ಆಗಲಿಲ್ಲ.

ನಿಮ್ಮ ಟ್ರೈನರ್ ಸುಳ್ಳು ಹೇಳಿಲ್ಲ. ಮೊದಲು ಲೆಕ್ಕ ನೋಡೋಣ. 20 ನಿಮಿಷದ 200 ವ್ಯಾಟಿನಲ್ಲಿ ನೂರಕ್ಕೆ 95 ಪಾಲು ತೆಗೆದರೆ 190. ಸುಮಾರು ಒಂದು ಗಂಟೆ ಕಷ್ಟಪಟ್ಟು ಹಿಡಿಯಬಹುದಾದ ಶಕ್ತಿ ಅದು. ಎಫ್‌ಟಿಪಿ ಅನ್ನುವುದು ಇದನ್ನೇ. ಈಗ ನಿಮ್ಮ ತೂಕ 78, ಸೈಕಲ್ಲು, ನೀರು, ಶೂ ಎಲ್ಲ ಸೇರಿ 88 ಕೆ.ಜಿ. ಅಂತ ಇಟ್ಟುಕೊಳ್ಳಿ. ಶೇಕಡಾ 8ರ ಏರು, ಅಂದರೆ 100 ಮೀಟರ್ ಮುಂದೆ ಹೋದರೆ 8 ಮೀಟರ್ ಮೇಲೆ. ನಿಮ್ಮ ಅತಿ ಸಣ್ಣ ಗಿಯರ್ ಮುಂದೆ 34 ಹಲ್ಲು, ಹಿಂದೆ 28 ಹಲ್ಲು. ಅದರಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ವೇಗ. ಅಷ್ಟಕ್ಕೆ ಬೇಕಾಗುವುದು ಹತ್ತಿರ ಹತ್ತಿರ 190 ವ್ಯಾಟ್. ನೋಡಿದಿರಾ? ಕಡಿದಾದ ಜಾಗದಲ್ಲಿ ನಿಧಾನವಾಗಿ ತುಳಿಯುತ್ತಿದ್ದೀರಿ ಅಂದುಕೊಂಡಾಗಲೂ ನೀವು ನಿಮ್ಮ ಮಿತಿಯ ಮೇಲೇ ಇದ್ದಿರಿ. ಉಸಿರು ತೆಗೆದುಕೊಳ್ಳಲು ಕೆಳಗೆ ಇನ್ನೊಂದು ಗಿಯರೇ ಇರಲಿಲ್ಲ. ಅದೇ ಹಿಂದೆ 34 ಹಲ್ಲಿನ ತನಕ ಇರುವ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಇದ್ದಿದ್ದರೆ, ಅದೇ 60 ಸುತ್ತಿಗೆ 155 ವ್ಯಾಟ್ ಸಾಕಾಗುತ್ತಿತ್ತು. 35 ವ್ಯಾಟ್ ಅಂದರೆ ತಿಂಗಳುಗಟ್ಟಲೆ ಬೆವರು ಸುರಿಸಿದರೂ ಸಿಗುವ ಖಾತರಿ ಇಲ್ಲ. ಮೊದಲು 11-34 ಕ್ಯಾಸೆಟ್ ಹಾಕಿಸಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ನಿಮ್ಮ ಹಿಂದಿನ ಡಿರೇಲರ್ ಅಷ್ಟು ದೊಡ್ಡ ಹಲ್ಲುಚಕ್ರಕ್ಕೆ ಹೊಂದುತ್ತದೆಯೇ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಚೈನಿನ ಉದ್ದವೂ ಬದಲಾಗಬೇಕಾಗುತ್ತದೆ. ಸಣ್ಣ ಗಿಯರ್ ಹಾಕುವುದು ನಾಚಿಕೆಯ ವಿಷಯ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಎರಡನೆಯದು, ಮನೆಯಲ್ಲಿ ನೀವು ಹೇಗೆ ತುಳಿಯುತ್ತಿದ್ದಿರಿ ಅನ್ನೋದು. ಬರೆದಿಲ್ಲ, ಆದರೂ ಊಹಿಸಬಲ್ಲೆ. ಎರ್ಗ್ ಮೋಡ್ ಹಾಕಿರುತ್ತೀರಿ. ಅದರಲ್ಲಿ 180 ವ್ಯಾಟ್ ಅಂತ ಕೊಟ್ಟರೆ ನೀವು ಯಾವ ಗಿಯರಿನಲ್ಲಿದ್ದರೂ, ಎಷ್ಟು ಬೇಗ ತುಳಿದರೂ ಟ್ರೈನರ್ ಬಿಗಿಯನ್ನು ತಾನೇ ಹೊಂದಿಸಿಕೊಂಡು 180 ಕೊಡಿಸುತ್ತದೆ. ಗಿಯರ್ ಬದಲಿಸುವ ಕೆಲಸವೇ ಇಲ್ಲ. ನಾಲ್ಕು ತಿಂಗಳು ನಿಮ್ಮ ಕೈಗೆ ಆ ಅಭ್ಯಾಸವೇ ಸಿಕ್ಕಿಲ್ಲ. ಇನ್ನು ಆ್ಯಪ್‌ನಲ್ಲಿ ಹತ್ತಿದ ಬೆಟ್ಟಗಳು. ಜ್ವಿಫ್ಟ್ ಅನ್ನುವ ಸೈಕ್ಲಿಂಗ್ ಆ್ಯಪ್‌ನಲ್ಲಿ ಟ್ರೈನರ್ ಡಿಫಿಕಲ್ಟಿ ಅಂತ ಒಂದು ಸೆಟ್ಟಿಂಗ್ ಇದೆ. ನೀವು ಮುಟ್ಟದಿದ್ದರೆ ಅದು ಶೇ. 50ರಲ್ಲಿ ಇರುತ್ತದೆ. ಪರದೆ ಮೇಲೆ 8ರ ಏರು ಕಂಡರೆ ಪೆಡಲಿಗೆ ಗೊತ್ತಾಗುವುದು 4ರ ಏರು ಮಾತ್ರ. ಇದರಲ್ಲಿ ಮೋಸ ಏನಿಲ್ಲ. ಮೇಲೆ ಮುಟ್ಟಲು ಬೇಕಾದ ವ್ಯಾಟ್ ಲೆಕ್ಕ ಸರಿಯಾಗೇ ಇರುತ್ತದೆ, ಸಮಯವೂ ಅದಕ್ಕೆ ತಕ್ಕಂತೆ ಬರುತ್ತದೆ. ಆದರೆ 8ರ ಏರಿನಲ್ಲೂ ನೀವು ಆರಾಮಾಗಿ 85 ಸುತ್ತು ತುಳಿಯುತ್ತಾ ಹೋಗಬಹುದು. ನಿಜವಾದ ಬೆಟ್ಟದಲ್ಲಿ ಅದೇ ವ್ಯಾಟ್ 55 ಸುತ್ತಿನಲ್ಲಿ ಬರುತ್ತದೆ. ಒಂದೊಂದು ತುಳಿತಕ್ಕೂ ಜಾಸ್ತಿ ಬಲ ಬೇಕು. ನಿಮ್ಮ ಕಾಲು ಕಲ್ಲಾದದ್ದು ಇದೇ ಕಾರಣಕ್ಕೆ. ಎದೆ ಸೋತಿರಲಿಲ್ಲ, ಕಾಲಿಗೆ ಆ ಕೆಲಸ ಹೊಸದಾಗಿತ್ತು.

ಮೂರನೆಯದು ಆ ಏರ್‌ಪೋರ್ಟ್ ರಸ್ತೆ. ಬೆಟ್ಟದ ಬುಡ ಮುಟ್ಟುವ ಮೊದಲೇ ಹತ್ತಿರ ಹತ್ತಿರ ನಲವತ್ತು ಕಿ.ಮೀ. ಗೆಳೆಯರ ಜೊತೆ ಪೈಪೋಟಿ ಹೊಡೆದಿದ್ದೀರಿ. ಅದೇ ಉಮೇದಿನಲ್ಲಿ ಮೊದಲ ತಿರುವುಗಳನ್ನೂ ಹೊಡೆದಿರುತ್ತೀರಿ. ನಂದಿಯ ಏರು ಏಳೂವರೆ ಕಿ.ಮೀ. ಆಸುಪಾಸು, ನಲವತ್ತು ಹೇರ್‌ಪಿನ್ ತಿರುವು, 400 ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ. ನಿಮ್ಮ ತೂಕಕ್ಕೆ 170 ವ್ಯಾಟ್ ಹಿಡಿದರೆ ನಲವತ್ತು ನಿಮಿಷದ ಆಸುಪಾಸಿನಲ್ಲಿ ಮೇಲಿರುತ್ತೀರಿ. ಆದರೆ ಮೊದಲ ಐದು ನಿಮಿಷ 250 ಹೊಡೆದರೆ ಉಳಿದ ಮೂವತ್ತೈದು ನಿಮಿಷ ಆ ಸಾಲ ತೀರಿಸುತ್ತಲೇ ಇರಬೇಕು. ಬಡ್ಡಿ ಜೋರಾಗಿರುತ್ತದೆ.

ಮುಂದಿನ ಆರು ವಾರ ಹೀಗೆ ಮಾಡಿ. ವಾರಕ್ಕೆ ಒಂದು ದಿನ ಎರ್ಗ್ ಆಫ್ ಮಾಡಿ. ಡಿಫಿಕಲ್ಟಿಯನ್ನು 100ಕ್ಕೆ ಏರಿಸಿ. ಹತ್ತು ಹದಿನೈದು ನಿಮಿಷ ಕಾಲು ಬಿಸಿ ಮಾಡಿಕೊಂಡು, ಹೊಸ ಕ್ಯಾಸೆಟ್ಟಿನ ಸಣ್ಣ ಗಿಯರುಗಳಲ್ಲಿ 60ರಿಂದ 65 ಸುತ್ತು, 165 ವ್ಯಾಟ್, ಹನ್ನೆರಡು ನಿಮಿಷ. ಐದು ನಿಮಿಷ ಬಿಡುವು. ಮತ್ತೆ ಹನ್ನೆರಡು. ವಾರ ಕಳೆದಂತೆ ಇದನ್ನು ಇಪ್ಪತ್ತಕ್ಕೆ ಒಯ್ಯಿರಿ. ಮಂಡಿ ನೋವು ಬಂದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ದಿನ ಎರ್ಗ್‌ನಲ್ಲೇ ಎರಡು ನಿಮಿಷ 175, ಒಂದು ನಿಮಿಷ 205, ಹೀಗೆ ಬದಲಿಸುತ್ತಾ ಒಂಬತ್ತು ನಿಮಿಷ. ನಂದಿಯ ತಿರುವುಗಳು ಹೀಗೇ, ಹಿಡಿಯುತ್ತವೆ, ಬಿಡುತ್ತವೆ. ಮೂರನೇ ದಿನ ಸುಮ್ನೆ ಹಗುರವಾಗಿ, ಮಾತಾಡುತ್ತಾ ತುಳಿಯುವಷ್ಟು. ನಾಲ್ಕನೇ ದಿನ ಕಡ್ಡಾಯವಾಗಿ ಹೊರಗೆ. ಮನೆಯಲ್ಲಿ ಸೈಕಲ್ಲು ಅಲುಗಾಡುವುದಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಅದು ಆಚೆ ಈಚೆ ವಾಲುತ್ತದೆ, ಆ ತೂಕ ಹಿಡಿಯುವುದು ರಸ್ತೆಯಲ್ಲೇ ಬರಬೇಕು. ಇನ್ನೊಂದು ಮಾತು. ಏರಿನಲ್ಲಿ ಮುಂದಿನ ಚಕ್ರ ಮೇಲಿರುತ್ತದೆ, ಮೈ ಹಿಂದಕ್ಕೆ ಜಾರುತ್ತದೆ. ಸೀಟಿನ ಮೇಲೆ ಎರಡು ಬೆರಳು ಮುಂದೆ ಬಂದು ಕೂತುಕೊಳ್ಳಿ. ಮನೆಯಲ್ಲೂ ಮುಂದಿನ ಚಕ್ರದ ಕೆಳಗೆ ಗಟ್ಟಿಯಾದ ದಿಮ್ಮಿ ಇಟ್ಟು ಇದನ್ನು ಅಭ್ಯಾಸ ಮಾಡಬಹುದು. ಚಕ್ರ ಜಾರದ ಹಾಗೆ ದಿಮ್ಮಿಯಲ್ಲಿ ಒಂದು ತೋಡು ಇರಲಿ.

ನಂದಿಗೆ ಮತ್ತೆ ಹೋದಾಗ ತಿರುವುಗಳನ್ನು ಗಮನಿಸಿ. ನಾವು ರಸ್ತೆಯ ಎಡಕ್ಕೆ ಹೋಗುವವರು. ಎಡಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ನಾವು ಒಳಗಿನ ಅಂಚಿನಲ್ಲಿ ಇರುತ್ತೇವೆ. ಅಲ್ಲಿ ಏರು ಗೋಡೆಯ ಹಾಗೆ ಎದ್ದು ಬರುತ್ತದೆ. ಅಲ್ಲಿಗೆ ಹೋಗುವ ಮೊದಲೇ ಗಿಯರ್ ಇಳಿಸಿ. ಬಿಗಿಯಾದ ಮೇಲೆ ಇಳಿಸಿದರೆ ಚೈನು ನರಳುತ್ತದೆ, ಕೆಲವೊಮ್ಮೆ ಕಳಚುತ್ತದೆ. ಬಲಕ್ಕೆ ತಿರುಗುವಾಗ ನಾವು ಹೊರಗಿನ ಅಂಚಿನಲ್ಲಿ. ಅಲ್ಲಿ ದೂರ ಜಾಸ್ತಿ, ಏರು ಕಡಿಮೆ. ಉಸಿರು ಎಳೆದುಕೊಳ್ಳಲು, ಒಂದು ಗುಟುಕು ನೀರು ಕುಡಿಯಲು ಅದೇ ಜಾಗ. ನಾನು ಎರಡನೇ ಸಲ ಹೋದಾಗ ಬಲ ತಿರುವು ಬಂದಾಗಲೆಲ್ಲ ನೀರು, ಎಡ ತಿರುವು ಬಂದಾಗಲೆಲ್ಲ ಗಿಯರ್ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋದೆ. ಕಾಲು ನೆಲಕ್ಕೆ ಇಡಲಿಲ್ಲ.

ಪ್ರಶ್ನೆ: ನಮ್ಮದು ಮೂರನೇ ಮಹಡಿಯ ಫ್ಲ್ಯಾಟು. ಟ್ರೈನರ್ ತರಬೇಕು ಅಂತಿದ್ದೇವೆ. ಕೆಳಗಿನ ಮನೆಯವರಿಗೆ ಸದ್ದು ಹೋಗುತ್ತಾ? ಕರೆಂಟು ಹೋದರೆ ಏನು? ತೆಗೆದುಕೊಳ್ಳುವಾಗ ಏನು ನೋಡಬೇಕು?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಹಿಂದಿನ ಚಕ್ರ ಬಿಚ್ಚಿ ಕೂರಿಸುವ ಡೈರೆಕ್ಟ್ ಡ್ರೈವ್ ಟ್ರೈನರಿನ ಸದ್ದು ಕೋಣೆಯೊಳಗೆ ಫ್ಯಾನಿನ ಸದ್ದಿಗಿಂತ ಕಡಿಮೆಯೇ. ಟಯರನ್ನೇ ರೋಲರಿಗೆ ಒತ್ತಿ ತಿರುಗಿಸುವಂಥದ್ದು ಜಾಸ್ತಿ ಕೂಗುತ್ತದೆ. ಆದರೆ ಕೆಳಗಿನ ಮನೆಗೆ ಹೋಗುವುದು ಸದ್ದಲ್ಲ, ನಡುಕ. ದಪ್ಪ ರಬ್ಬರ್ ಮ್ಯಾಟು ಹಾಕಿ. ಕೋಣೆಯ ನಡುವೆ ಬೇಡ, ಗೋಡೆಯ ಪಕ್ಕ ಇಡಿ. ಬೆಳಗಿನ ಐದಕ್ಕೆ ಶುರು ಮಾಡುವ ಮೊದಲು ಕೆಳಗಿನವರಿಗೆ ಒಂದು ಮಾತು ಹೇಳಿಬಿಡಿ. ಹೇಳಿದರೆ ಅರ್ಧ ಜಗಳ ಇರುವುದಿಲ್ಲ.

ಕರೆಂಟು ಹೋದರೆ ಬಹಳಷ್ಟು ಟ್ರೈನರುಗಳು ಬಿಗಿ ಕಳೆದುಕೊಳ್ಳುತ್ತವೆ. ಜೋರಾಗಿ ತುಳಿಯುತ್ತಿದ್ದರೆ ಕಾಲು ಒಮ್ಮೆಲೇ ಹಗುರಾಗಿ ಎಡವಿದ ಹಾಗಾಗುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಟ್ರೈನರ್, ಫ್ಯಾನು ಎರಡನ್ನೂ ಅದಕ್ಕೆ ಕೊಡಿ.

ತರುವಾಗ ಕ್ಯಾಸೆಟ್ ಜೊತೆಗೇ ಬರುತ್ತದೆಯೇ, ನಿಮ್ಮ ಸೈಕಲ್ಲಿನ ಹಿಂದಿನ ಆಕ್ಸೆಲ್ಲಿಗೆ ಹೊಂದುತ್ತದೆಯೇ ಅಂತ ಕೇಳಿ. ನನಗೆ ಒಬ್ಬ ಅಂಗಡಿಯವರು ಎರಡನ್ನೂ ಹೇಳದೆ ಪೆಟ್ಟಿಗೆ ಕಟ್ಟಿಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ಕ್ಯಾಸೆಟ್ ಇಲ್ಲ, ಥ್ರೂ ಆಕ್ಸೆಲ್ಲಿನ ಅಡಾಪ್ಟರೂ ಇಲ್ಲ. ಹತ್ತು ದಿನ ಆ ಯಂತ್ರ ಮೂಲೆಯಲ್ಲಿ ಸುಮ್ನೆ ನಿಂತಿತ್ತು. ಮತ್ತೆ, ಫ್ಯಾನು ಮರೆಯಬೇಡಿ. ಮೇಲಿನ ಸೀಲಿಂಗ್ ಫ್ಯಾನು ಸಾಲದು. ಎದೆಗೆ ನೇರವಾಗಿ ಬೀಸುವ ಪೆಡೆಸ್ಟಲ್ ಫ್ಯಾನು ಬೇಕು. ರಸ್ತೆಯಲ್ಲಿ ಗಾಳಿ ಬೆವರು ಆರಿಸುತ್ತದೆ, ಮನೆಯಲ್ಲಿ ಆ ಗಾಳಿ ಇಲ್ಲ. ತುಳಿಯುವ ಮೊದಲು, ಆಮೇಲೆ ತೂಕ ನೋಡಿಕೊಳ್ಳಿ. ಒಂದು ಕೆ.ಜಿ. ಇಳಿದಿದ್ದರೆ, ಕುಡಿದದ್ದು ಸಾಲದೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಕೊರತೆ ಆಗಿದೆ ಅಂತ. ಹ್ಯಾಂಡಲ್ ಮೇಲೆ ಟವೆಲ್ ಹಾಕಿ. ಬೆವರಿನ ಉಪ್ಪು ಹ್ಯಾಂಡಲಿನ ಬೋಲ್ಟುಗಳನ್ನು ತಿಂದುಹಾಕಿದ ಸೈಕಲ್ಲುಗಳನ್ನು ನಾನೇ ಬಿಚ್ಚಿದ್ದೇನೆ. ಸುತ್ತಿಗೆಯಿಂದ ಹೊಡೆದರೂ ಬರುವುದಿಲ್ಲ.

ಪ್ರಶ್ನೆ: ಚಾಮುಂಡಿ ಬೆಟ್ಟ ಹತ್ತಬೇಕು ಅಂತ 53ನೇ ವಯಸ್ಸಿನಲ್ಲಿ ಸೈಕಲ್ ತೆಗೆದುಕೊಂಡೆ. ಟ್ರೈನರ್ ಮೇಲೆ ಅರ್ಧ ಗಂಟೆ ತುಳಿದರೆ ಮಂಡಿಯ ಮುಂಭಾಗ ನೋಯುತ್ತೆ. ಬಿಟ್ಟುಬಿಡಲಾ?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಬಿಡಬೇಡಿ ಮೇಡಂ. ಮುಂಭಾಗ ನೋಯುತ್ತಿದ್ದರೆ ಮೊದಲು ಸೀಟಿನ ಎತ್ತರ ನೋಡಿ. ಬಹಳ ಜನ ನೆಲಕ್ಕೆ ಕಾಲು ಸಿಗಲಿ ಅಂತ ಸೀಟು ತಗ್ಗಿಸಿರುತ್ತಾರೆ. ಟ್ರೈನರ್ ಮೇಲೆ ಬೀಳುವ ಭಯ ಇಲ್ಲ, ಹಾಗಾಗಿ ಸರಿಮಾಡಲು ಇದೇ ಒಳ್ಳೆಯ ಜಾಗ. ಸೀಟಿನ ಮೇಲೆ ನೆಟ್ಟಗೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿಯಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ಒಮ್ಮೆಲೇ ಏರಿಸಬೇಡಿ, ದಿನಕ್ಕೆ ಅರ್ಧ ಸೆಂಟಿಮೀಟರ್ ಸಾಕು. ಗಿಯರ್ ಹಗುರ ಮಾಡಿ ನಿಮಿಷಕ್ಕೆ 80 ಸುತ್ತಿನ ಹತ್ತಿರ ತುಳಿಯಿರಿ. ಮೇಲಿನ ಯಲಹಂಕದವರಿಗೆ ಹೇಳಿದ 60 ಸುತ್ತಿನ ಅಭ್ಯಾಸ ನಿಮಗೆ ಈಗ ಬೇಡ. ಎರಡು ವಾರದಲ್ಲಿ ನೋವು ಇಳಿಯದಿದ್ದರೆ, ಅಥವಾ ಮಂಡಿ ಊದಿಕೊಂಡರೆ, ಮೂಳೆ ಡಾಕ್ಟರಿಗೆ ತೋರಿಸಿ. ಚಾಮುಂಡಿ ಎಲ್ಲಿಗೂ ಹೋಗುವುದಿಲ್ಲ, ದಸರಾ ಕಳೆದು ಜನ ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ನಿಧಾನವಾಗಿ ಹೋಗಿ. ನಡುವೆ ಇಳಿದು ದಣಿವಾರಿಸಿಕೊಂಡರೂ ಹತ್ತಿದ ಹಾಗೇ ಲೆಕ್ಕ.

ಪ್ರಶ್ನೆ: ಅಕ್ಕಾ, ನಾನು ಪಿಯುಸಿ ಓದ್ತಿದ್ದೀನಿ. ರೇಸಿನಲ್ಲಿ ಗೆಲ್ಲಬೇಕು ಅಂತ ಆಸೆ. ಸ್ಮಾರ್ಟ್ ಟ್ರೈನರಿಗೆ ದುಡ್ಡಿಲ್ಲ. ನಮ್ಮ ಕಡೆ ಬೆಟ್ಟವೂ ಇಲ್ಲ. ಏನ್ ಮಾಡ್ಲಿ?
— ಓದುಗ, ಬಾಗಲಕೋಟೆ ಜಿಲ್ಲೆ

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ನನ್ನ ಊರೇ ಕಣ್ಣ ಮುಂದೆ ಬಂತು. ವಿಜಯಪುರ, ಬಾಗಲಕೋಟೆ ಕಡೆಯಿಂದ ದೇಶಕ್ಕೆ ಎಷ್ಟು ಸೈಕಲ್ ಪಟುಗಳು ಬಂದಿದ್ದಾರೆ ಗೊತ್ತಲ್ಲ. ಅವರು ಯಾರೂ ಶುರುವಿನಲ್ಲಿ ಸ್ಮಾರ್ಟ್ ಟ್ರೈನರ್ ಮೇಲೆ ಕೂತವರಲ್ಲ. ನಮಗೆ ಗಾಳಿಯೇ ಬೆಟ್ಟವಾಗಿತ್ತು. ಜೂನ್, ಜುಲೈ ತಿಂಗಳಲ್ಲಿ ಪಡುವಣ ಗಾಳಿ ಬೀಸುತ್ತದಲ್ಲ, ಅದಕ್ಕೆ ಎದುರಾಗಿ ಹತ್ತು ಕಿ.ಮೀ. ಹೋಗು. ದೊಡ್ಡ ಗಿಯರಿನಲ್ಲಿ, ಕೂತೇ, ನಿಮಿಷಕ್ಕೆ 60 ಸುತ್ತು. ಬಯಲಿನಲ್ಲಿ ಎದುರು ಗಾಳಿ ಕೊಡುವ ಬಿಗಿ ಏರಿನ ಬಿಗಿಯ ಹಾಗೇ ಕಾಲಿಗೆ ಕೂರುತ್ತದೆ, ಒಂದು ಕ್ಷಣವೂ ಬಿಡುವುದಿಲ್ಲ. ವಾಪಸ್ ಬರುವಾಗ ಗಾಳಿ ಬೆನ್ನಿಗೆ. ಆಗ ಸಣ್ಣ ಗಿಯರಿನಲ್ಲಿ 100 ಸುತ್ತು.

ವ್ಯಾಟ್ ನೋಡಲು ಮೀಟರ್ ಬೇಡ. ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ಹಗುರ. ಮೂರು ನಾಲ್ಕು ಪದ ಮಾತ್ರ ಬರುತ್ತಿದ್ದರೆ ನಿನ್ನ ಎಫ್‌ಟಿಪಿಯ ಹತ್ತಿರ ಇದ್ದೀಯ. ಒಂದು ಪದವೂ ಬರದಿದ್ದರೆ ಅದನ್ನು ಬಹಳ ಹೊತ್ತು ಹಿಡಿಯಬೇಡ. ಯಾರಾದರೂ ಹಳೆಯ ಪಟುವಿನ ಮನೆಯಲ್ಲಿ ರೋಲರ್ ಇದ್ದರೆ ಕೇಳಿ ತಾ. ಮೂರು ಉರುಳೆ, ಒಂದು ಬೆಲ್ಟು, ಅಷ್ಟೇ. ಅದರ ಮೇಲೆ ನೆಟ್ಟಗೆ ತುಳಿಯಲು ಕಲಿತವನ ಸೈಕಲ್ಲು ರಸ್ತೆಯಲ್ಲಿ ಗೆರೆ ಎಳೆದ ಹಾಗೆ ಹೋಗುತ್ತದೆ. ಮೊದಲ ವಾರ ಬಾಗಿಲ ಚೌಕಟ್ಟಿನ ನಡುವೆ ಇಟ್ಟುಕೋ. ವಾಲಿದರೆ ಹಿಡಿಯಲು ಎರಡೂ ಕಡೆ ಮರ ಇರುತ್ತದೆ. ಜಿಲ್ಲೆಯ ಕ್ರೀಡಾ ಇಲಾಖೆಗೆ ಹೋಗಿ ಸೈಕ್ಲಿಂಗ್ ಕ್ರೀಡಾ ನಿಲಯದ ಆಯ್ಕೆ ಯಾವಾಗ ಅಂತ ವಿಚಾರಿಸು. ನಾಚಿಕೊಳ್ಳಬೇಡ. ನಾನೂ ಹಾಗೇ ಹೋಗಿ ಕೇಳಿದವಳು.

ಪ್ರಶ್ನೆ: ನಾನು ಉಡುಪಿಯವನು, ದುಬೈನಲ್ಲಿ ಕೆಲಸ. ಬೇಸಿಗೆ ಪೂರ್ತಿ ಮನೆಯೊಳಗೇ ಟ್ರೈನರ್. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮಸಿನಗುಡಿಯಿಂದ ಊಟಿಗೆ ಕಲ್ಹಟ್ಟಿ ಘಾಟ್ ಹತ್ತುವ ಆಸೆ. ಹತ್ತಿದ ಮೇಲೆ ಬೇರೆ ಘಾಟಿಗಳಲ್ಲಿ ಇಳಿಯಲೂ ಬೇಕು. ತಯಾರಿ ಹೇಗೆ?
— ಓದುಗರು, ದುಬೈ

ಉತ್ತರ: ಕಲ್ಹಟ್ಟಿ ನಂದಿಗಿಂತ ಬಹಳ ಕಠಿಣ. 36 ಹೇರ್‌ಪಿನ್ ತಿರುವು, ಉಸಿರು ಬಿಡಲು ಜಾಗವೇ ಕಡಿಮೆ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸವಾರಿಯಲ್ಲಿ ಗಟ್ಟಿಗರೂ ಇಲ್ಲಿ ಇಳಿದು ತಳ್ಳುತ್ತಾರೆ. ಜ್ವಿಫ್ಟ್‌ನ ಆಲ್ಪ್ ಡು ಜ್ವಿಫ್ಟ್ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಬೆಟ್ಟವನ್ನು ನೋಡಿ ಮಾಡಿದ್ದು. 12.2 ಕಿ.ಮೀ., 21 ತಿರುವು, 1036 ಮೀಟರ್ ಏರಿಕೆ. ಡಿಫಿಕಲ್ಟಿ 100 ಇಟ್ಟು ಎರಡು ವಾರಕ್ಕೊಮ್ಮೆ ಪೂರ್ತಿ ಹತ್ತಿ. ಅದು ಒಂದೇ ಸಮ ಏರುತ್ತದೆ, ಕಲ್ಹಟ್ಟಿ ಹಾಗಲ್ಲ. ಹಾಗಾಗಿ ಪ್ರತಿ ಮೂರನೇ ತಿರುವಿನಿಂದ ಒಂದು ನಿಮಿಷ ಎರಡು ಗಿಯರ್ ಗಟ್ಟಿ ಮಾಡಿ ಎದ್ದು ನಿಂತು ತುಳಿಯಿರಿ. ಹೊರಗೆ ಬಿಸಿಲು ಇಳಿದ ಮೇಲೆ ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ರಸ್ತೆಗೆ ಹೋಗಿ ಬನ್ನಿ. ಊಟಿ 2240 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಮನೆಯಲ್ಲಿ ಹಿಡಿದಷ್ಟೇ ವ್ಯಾಟ್ ಅಲ್ಲಿ ಹಿಡಿಯಲು ಹೋಗಬೇಡಿ. ಹತ್ತರಲ್ಲಿ ಒಂದು ಪಾಲು ಕಮ್ಮಿ ಇಟ್ಟುಕೊಂಡೇ ಶುರು ಮಾಡಿ. ಹಿಂದೆ 34 ಹಲ್ಲು ಕಡ್ಡಾಯ.

ಆದರೆ ನನಗೆ ನಿಮ್ಮ ಬಗ್ಗೆ ಚಿಂತೆ ಇರುವುದು ಇಳಿಯುವುದರಲ್ಲಿ. ಆರು ತಿಂಗಳು ಮನೆಯೊಳಗೆ ತುಳಿದವರ ಕಾಲು ಬಲವಾಗಿರುತ್ತದೆ, ಕೈಗೆ ಬ್ರೇಕು ಮರೆತಿರುತ್ತದೆ. ಯಾವ ಆ್ಯಪ್ಪೂ ಇದನ್ನು ಕಲಿಸುವುದಿಲ್ಲ. ಊರಿಗೆ ಬಂದ ಮೊದಲ ಎರಡು ದಿನ ಬೆಟ್ಟಕ್ಕೆ ಹೋಗಲೇಬೇಡಿ. ಖಾಲಿ ಮೈದಾನದಲ್ಲಿ ಬ್ರೇಕ್ ಹಿಡಿಯುವ ಅಭ್ಯಾಸ ಮಾಡಿ. ಬ್ರೇಕ್ ಪ್ಯಾಡು ಸವೆದಿದ್ದರೆ ಹೊಸದು ಹಾಕಿಸಿ.

ಘಾಟಿಯಲ್ಲಿ ಕೈ ಹ್ಯಾಂಡಲಿನ ಕೆಳ ಬಾಗಿನಲ್ಲಿ ಇರಲಿ. ಅಲ್ಲಿಂದ ಬ್ರೇಕಿಗೆ ಬಲ ಚೆನ್ನಾಗಿ ಸಿಗುತ್ತದೆ. ತಿರುವಿಗೆ ಇಳಿಯುವ ಮೊದಲೇ, ಸೈಕಲ್ಲು ನೆಟ್ಟಗಿರುವಾಗಲೇ ವೇಗ ಇಳಿಸಿ. ವಾಲಿದ ಮೇಲೆ ಮುಂದಿನ ಬ್ರೇಕು ಜೋರಾಗಿ ಹಿಡಿದರೆ ಚಕ್ರ ಜಾರುತ್ತದೆ. ತಿರುವಿನ ಹೊರಗಿನ ಕಾಲು ಕೆಳಗೆ, ಅದರ ಮೇಲೆ ಮೈಭಾರ. ಒಳಗಿನ ಪೆಡಲ್ ಮೇಲೆ ಇರಲಿ, ಇಲ್ಲದಿದ್ದರೆ ನೆಲಕ್ಕೆ ತಗಲುತ್ತದೆ. ಉದ್ದಕ್ಕೂ ಬ್ರೇಕು ಎಳೆದುಕೊಂಡೇ ಬರಬೇಡಿ. ರಿಮ್ ಬ್ರೇಕ್ ಆದರೆ ರಿಮ್ಮು ಕಾದು ಟ್ಯೂಬು ಒಡೆಯಬಹುದು. ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ಕೆಳಗಿನಿಂದ ಬರುವ ಬಸ್ಸು ತಿರುಗಲು ನಿಮ್ಮ ಅರ್ಧ ರಸ್ತೆಯನ್ನೂ ತೆಗೆದುಕೊಳ್ಳುತ್ತದೆ, ಹಾರ್ನ್ ಕೇಳಿದರೆ ಎಡಕ್ಕೆ ನಿಂತೇಬಿಡಿ. ಬೆಳಗಿನ ಹೊತ್ತು ಮರದ ನೆರಳಿನ ತಿರುವುಗಳಲ್ಲಿ ರಸ್ತೆ ಒದ್ದೆ ಇರುತ್ತದೆ, ಕೋತಿಗಳು ಕಟ್ಟೆಯಿಂದ ನೇರ ರಸ್ತೆಗೇ ಹಾರುತ್ತವೆ. ಮತ್ತೆ, ಒಂದು ಜರ್ಕಿನ್ ಜೇಬಿನಲ್ಲಿ ಇಟ್ಟುಕೊಂಡಿರಿ. ಏರುವಾಗ ಬೆವರಿದ ಮೈಗೆ ಊಟಿಯ ಡಿಸೆಂಬರ್ ಗಾಳಿ ತಗುಲಿದರೆ ಬೆರಳು ಮರಗಟ್ಟುತ್ತದೆ, ಬ್ರೇಕು ಹಿಡಿದಿದ್ದೀರೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಇಳಿಯುವ ಮೊದಲು ಒಂದು ಬಿಸಿ ಟೀ ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳು ಬೆಚ್ಚಗೆ ಮಾಡಿಕೊಂಡು ಹೊರಡಿ.